ಹಿಂಡು ಬೆಟ್ಟ ಹತ್ತಿತ್ತು ಎಂದು ಬರೆಯುವ ಮೊದಲು

ಕಜಕಸ್ತಾನದ ಆಗ್ನೇಯ ಮೂಲೆಯಲ್ಲಿ, ಚೀನಾದ ಗಡಿಗೆ ಒತ್ತಿಕೊಂಡು ಜುಂಗಾರ್ ಪರ್ವತಸಾಲು ಇದೆ. ಬುಡದಲ್ಲಿ ಅರೆಮರುಭೂಮಿ, ತುದಿಯಲ್ಲಿ 4,000 ಮೀಟರ್ ದಾಟಿದ ಹಿಮಶಿಖರಗಳು, ನಡುವಿನ ಇಳಿಜಾರೆಲ್ಲ ಹುಲ್ಲು. ಇಲ್ಲಿಯ ಕುರಿಗಾಹಿಗಳು ವರ್ಷವನ್ನು ನಾಲ್ಕು ಬೀಡುಗಳಲ್ಲಿ ಲೆಕ್ಕ ಹಾಕುತ್ತಾರೆ. ಚಳಿಗಾಲದ ಬೀಡು ಕಿಸ್ತಾವ್, ವಸಂತದ್ದು ಕೊಕ್ತೆವ್, ಬೇಸಿಗೆಯದು ಜೈಲಾವ್, ಶರತ್ಕಾಲದ್ದು ಕುಜೆವ್. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆಯೂ ಹಿಂಡಿನೊಂದಿಗೆ ಹೀಗೇ ಬೇಸಿಗೆಗೆ ಬೆಟ್ಟ ಹತ್ತಿ ಚಳಿಗಾಲಕ್ಕೆ ಇಳಿಯುತ್ತಿದ್ದರೇ ಎಂಬುದು ಪುರಾತತ್ವದ ಅಗೆತ ಮಾಡುವ ನಮ್ಮ ಪ್ರಶ್ನೆ.

ಕುರಿಯ ಮೂಳೆ ಸಿಕ್ಕಿತು, ಜಾಗ ಬೆಟ್ಟದಲ್ಲಿದೆ, ಆದ್ದರಿಂದ ಇವರು ಅಲೆಮಾರಿಗಳು ಎಂದು ಬರೆದು ಮುಗಿಸಿದ ವರದಿಗಳು ಬೇಕಾದಷ್ಟಿವೆ. ಸಾಕಣೆ ಬೇರೆ, ಅಲೆದಾಟ ಬೇರೆ. ಇರಾನಿನ ಜಾಗ್ರೋಸ್ ಬೆಟ್ಟಗಳಲ್ಲಿರುವ ಗಂಜ್ ದರೆ ಎಂಬ ದಿಬ್ಬವನ್ನೇ ನೋಡಿ. ಕ್ರಿ.ಪೂ. 8000ದ ಆಸುಪಾಸಿನಲ್ಲಿ ಅಲ್ಲಿ ಗಂಡು ಮೇಕೆಗಳನ್ನು ಎಳೆ ವಯಸ್ಸಿನಲ್ಲೇ ಕೊಯ್ದು, ಹೆಣ್ಣನ್ನು ಮುದಿಯಾಗುವವರೆಗೆ ಉಳಿಸಿಕೊಂಡಿದ್ದಾರೆ. ಕಾಡಿನಲ್ಲಿ ಬೇಟೆಯಾಡುವವನಿಗೆ ಹಾಗೆ ಆರಿಸಿ ಕೊಲ್ಲಲು ಆಗುವುದಿಲ್ಲ. ಇದು ಹಿಂಡು ಕಟ್ಟಿಕೊಂಡವರ ಲೆಕ್ಕ. ಒಣಗಲು ಇಟ್ಟಿದ್ದ ಹಸಿ ಇಟ್ಟಿಗೆಗಳ ಮೇಲೆ ಮೇಕೆ ಓಡಾಡಿದ ಗೊರಸಿನ ಗುರುತೂ ಅಲ್ಲಿದೆ. ಆದರೆ ಅದು ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ಹಳ್ಳಿ. ಮೇಕೆ ಸಾಕಿದ್ದಕ್ಕೆ ಪುರಾವೆ ಗಟ್ಟಿಯಾಗಿದೆ, ಊರೂರು ತಿರುಗಿದ್ದಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ನಮ್ಮ ಕೆಲಸದಲ್ಲಿ ಎರಡು ಕಡತ ಇರುತ್ತವೆ. ಒಂದರಲ್ಲಿ ಹಿಂಡು ಇತ್ತೇ ಎಂಬುದಕ್ಕೆ ಬೇಕಾದ ಸಾಕ್ಷಿ, ಇನ್ನೊಂದರಲ್ಲಿ ಆ ಹಿಂಡು ನಡೆಯಿತೇ ಎಂಬುದಕ್ಕೆ. ಮೊದಲನೆಯದು ಬೇಗ ತುಂಬುತ್ತದೆ.

ಹುಡುಕಾಟ ಶುರುವಾಗುವುದು ಚಳಿಗಾಲದ ಬೀಡಿನಿಂದ. ಕಾರಣ ಸರಳ. ಚಳಿಗಾಲದಲ್ಲಿ ಹಿಂಡು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುತ್ತದೆ, ದೊಡ್ಡಿಯಲ್ಲಿ ಹಿಕ್ಕೆ ಪದರಪದರವಾಗಿ ಕೂಡುತ್ತದೆ, ಜನ ಕಲ್ಲಿನ ಅಡಿಪಾಯ ಹಾಕಿ ಮನೆ ಕಟ್ಟಿಕೊಳ್ಳುತ್ತಾರೆ. ಬೇಸಿಗೆಯ ಜೈಲಾವ್‌ನಲ್ಲಿ ಒಂದು ಡೇರೆ, ಒಂದು ಒಲೆ, ಅಷ್ಟೆ. ಅಲ್ಲಿ ಮಣ್ಣು ತೆಳು, ಗಾಳಿ ಜೋರು, ಹಿಮ ಕರಗಿದಾಗ ನೀರು ಇದ್ದಿಲನ್ನೂ ಕೊಚ್ಚಿಕೊಂಡು ಹೋಗುತ್ತದೆ. ಅಂದರೆ ವಲಸೆಯ ಒಂದು ತುದಿ ಮಾತ್ರ ಚೆನ್ನಾಗಿ ಉಳಿಯುತ್ತದೆ, ಮತ್ತು ಅದು ನೋಡಲು ಥೇಟ್ ನೆಲೆನಿಂತ ಹಳ್ಳಿಯಂತೆಯೇ ಇರುತ್ತದೆ. ಮುಂದಿನ ಗೊಂದಲಗಳಲ್ಲಿ ಅರ್ಧ ಇಲ್ಲಿಂದಲೇ ಬರುತ್ತವೆ.

ನಕ್ಷೆಯ ಮೇಲೆ ಮೊದಲು ಗುರುತು ಹಾಕುವುದು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳ ಬುಡವನ್ನು. ಅಲ್ಲಿ ಹಿಮ ತೆಳುವಾಗಿ ಕೂರುತ್ತದೆ, ಬೇಗ ಕರಗುತ್ತದೆ, ಕುರಿ ಗೊರಸಿನಿಂದ ಕೆದಕಿ ಹುಲ್ಲು ಮೇಯಬಹುದು. ಎತ್ತರ ಸುಮಾರು 800ರಿಂದ 1,500 ಮೀಟರ್. ಹತ್ತಿರದಲ್ಲಿ ಹೆಪ್ಪುಗಟ್ಟದ ಒರತೆ ಇರಬೇಕು, ಗಾಳಿಗೆ ಅಡ್ಡವಾಗಿ ಬಂಡೆಗೋಡೆ ಇರಬೇಕು. ಸೋವಿಯತ್ ಕಾಲದ ಸೇನಾ ನಕ್ಷೆಗಳು ಈ ಕೆಲಸಕ್ಕೆ ಈಗಲೂ ಉತ್ತಮ, ಏಕೆಂದರೆ ಒರತೆಗಳನ್ನೂ ಚಳಿಗಾಲದ ಬೀಡುಗಳನ್ನೂ ಅವು ಬಿಡದೆ ಗುರುತಿಸುತ್ತವೆ. 1960ರ ದಶಕದ ಕೊರೊನಾ ಬೇಹು ಉಪಗ್ರಹದ ಚಿತ್ರಗಳು ಇನ್ನೊಂದು ಆಸರೆ; ಟ್ರ್ಯಾಕ್ಟರ್ ಉಳುಮೆ ಅಳಿಸಿಹಾಕುವ ಮೊದಲಿನ ಕಲ್ಲುಸಾಲುಗಳು ಅವುಗಳಲ್ಲಿ ಕಾಣುತ್ತವೆ. ಇಷ್ಟಾದ ಮೇಲೆ ಊರಿನ ಹಿರಿಯರನ್ನು ಕೇಳಬೇಕು. ಅವರು ತೋರಿಸುವ ಅಜ್ಜನ ಕಾಲದ ಕಿಸ್ತಾವ್ ಇರುವಲ್ಲೇ ಕಂಚಿನ ಯುಗದ್ದೂ ಇರುವ ಸಾಧ್ಯತೆ ಹೆಚ್ಚು. ಒಳ್ಳೆಯ ಜಾಗವನ್ನು ಯಾವ ಕಾಲದವರೂ ಬಿಟ್ಟಿಲ್ಲ.

ನೆಲದ ಮೇಲೆ ಕಾಲಿಟ್ಟಾಗ ನೋಡುವುದು ಗಿಡಗಳನ್ನು. ಹಿಕ್ಕೆ, ಗಂಜಲ ಸೇರಿದ ಮಣ್ಣಿನಲ್ಲಿ ರಂಜಕ, ಸಾರಜನಕ ಸಾವಿರಾರು ವರ್ಷ ಕಳೆದರೂ ಸುತ್ತಲಿಗಿಂತ ಹೆಚ್ಚಿರುತ್ತವೆ. ಹುಲ್ಲಿನ ನಡುವೆ ಒಂದು ತುಂಡು ನೆಲದಲ್ಲಿ ಮಾತ್ರ ತುರಿಕೆ ಗಿಡವೂ ಚಕ್ಕೋತ ಸೊಪ್ಪಿನ ಜಾತಿಯ ಕಳೆಯೂ ದಟ್ಟವಾಗಿ ಎದ್ದಿದ್ದರೆ ಅಲ್ಲಿ ನಿಲ್ಲಬೇಕು. ಹೆಗ್ಗಣ, ಮಾರ್ಮಟ್‌ಗಳು ಬಿಲದಿಂದ ಹೊರಗೆ ತಳ್ಳಿದ ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ನೋಡಬೇಕು. ಅದು ಕಪ್ಪಗಿದ್ದು ಮಡಕೆಯ ಚೂರು ಕಂಡರೆ ಒಂದು ಮೀಟರ್ ಆಳದಲ್ಲಿ ಏನಿದೆ ಎಂಬುದು ಅಗೆಯದೆಯೇ ಅರ್ಧ ಗೊತ್ತಾದಂತೆ. ಮಣ್ಣಿನ ಕೊರೆಗೋಲಿನಿಂದ 5 ಮೀಟರ್ ಅಂತರದಲ್ಲಿ ಮಾದರಿ ತೆಗೆದು ರಂಜಕದ ಪ್ರಮಾಣ ಅಳೆದರೆ ದೊಡ್ಡಿ ಎಲ್ಲಿತ್ತು, ಮನೆ ಎಲ್ಲಿತ್ತು ಎಂಬುದರ ಒರಟು ನಕ್ಷೆ ಸಿಗುತ್ತದೆ. ಈಗಿನ ಕುರಿಗಳೂ ಅಲ್ಲೇ ಮಲಗಿದ್ದರೆ ಮೇಲಿನ 20 ಸೆಂ.ಮೀ. ಮಣ್ಣಿನ ಓದು ಪೂರ್ತಿ ಸುಳ್ಳಾಗುತ್ತದೆ. ಅಂಥ ಕಡೆ ಅದಕ್ಕಿಂತ ಕೆಳಗಿನ ಮಾದರಿಯನ್ನಷ್ಟೇ ನಂಬಬೇಕು.

ಬೆಗಾಶ್ ಎಂಬ ನೆಲೆ ಈ ಎಲ್ಲ ಲಕ್ಷಣಗಳಿಗೂ ಮಾದರಿ. ಕೊಕ್ಸು ಕಣಿವೆಯ ಪಕ್ಕದ ಒಂದು ಚಿಕ್ಕ ಕಮರಿಯಲ್ಲಿ, ಸುಮಾರು 950 ಮೀಟರ್ ಎತ್ತರದಲ್ಲಿ, ಒರತೆಯ ತೊರೆಗೆ ಅಂಟಿದ ಸಮತಟ್ಟು. ಕಡಿದಾದ ಕಮರಿಗೋಡೆ ಗಾಳಿಯನ್ನು ತಡೆಯುತ್ತದೆ. ಮೈಕಲ್ ಫ್ರಾಕೆಟ್ಟಿ ಮತ್ತು ಅಲೆಕ್ಸೇ ಮಾರ್ಯಾಶೆವ್ 2002ರಿಂದ ಅಲ್ಲಿ ಅಗೆದರು. ಮೊದಲ ವಾಸದ ಪದರ ಕ್ರಿ.ಪೂ. ಮೂರನೇ ಸಹಸ್ರಮಾನದ ಮಧ್ಯದ್ದು. ಕೊನೆಯದು 19ನೇ ಶತಮಾನಕ್ಕೆ ಬರುತ್ತದೆ. ನಾಲ್ಕು ಸಾವಿರ ವರ್ಷ ಒಂದೇ ಅಂಗಳ. ನಡುನಡುವೆ ಬಿಟ್ಟುಹೋಗಿದ್ದಾರೆ, ಮತ್ತೆ ಬಂದು ಹಳೆಯ ಕಲ್ಲನ್ನೇ ಎತ್ತಿ ಹೊಸ ಗೋಡೆಗೆ ಇಟ್ಟಿದ್ದಾರೆ.

ಇಂಥ ಕಡೆ ಅಗೆತದ ಕ್ರಮ ಸರಿಯಿಲ್ಲದಿದ್ದರೆ ಮುಂದಿನ ಯಾವ ಯಂತ್ರವೂ ಕಾಪಾಡದು. ಸೋವಿಯತ್ ಕಾಲದ ರೂಢಿಯಲ್ಲಿ ಶ್ತಿಕ್ ಎಂಬ ಅಳತೆ ಇತ್ತು, ಸನಿಕೆಯ ಅಲಗಿನಷ್ಟು, ಅಂದರೆ ಸುಮಾರು 20 ಸೆಂ.ಮೀ. ಒಂದೊಂದು ಶ್ತಿಕ್ ಕೆಳಗಿಳಿಯುತ್ತ ಹೋಗುವುದು, ಕಣ್ಣಿಗೆ ಬಿದ್ದ ಮೂಳೆ ಆರಿಸಿಕೊಳ್ಳುವುದು, ಮಣ್ಣನ್ನು ಬಹುಪಾಲು ಜರಡಿ ಹಿಡಿಯದೆ ಎಸೆಯುವುದು. ಹೀಗೆ ಮಾಡಿದಾಗ ಕುದುರೆ, ದನದ ದಪ್ಪ ಮೂಳೆ ಚೀಲ ಸೇರುತ್ತದೆ. ಕುರಿಮರಿಯ ದವಡೆ, ಬರಗಿನ ಕಾಳು ಗುಡ್ಡೆಮಣ್ಣಿಗೆ ಹೋಗುತ್ತದೆ. ಹುಲ್ಲುಗಾವಲಿನವರೆಂದರೆ ಕುದುರೆ ಸವಾರರು ಎಂಬ ಚಿತ್ರ ಇಷ್ಟು ಕಾಲ ಉಳಿಯಲು ಈ ಜರಡಿಯಿಲ್ಲದ ಅಗೆತವೂ ಒಂದು ಕಾರಣ ಎಂದು ನಮ್ಮ ಅಭಿಪ್ರಾಯ. ಬೆಗಾಶ್‌ನ ಮೂಳೆಗಳನ್ನು ಫ್ರಾಕೆಟ್ಟಿ ಮತ್ತು ನಾರ್ಬರ್ಟ್ ಬೆನೆಕೆ 2009ರಲ್ಲಿ ಎಣಿಸಿ ಪ್ರಕಟಿಸಿದಾಗ ಮೊದಲ ಹಂತಗಳಲ್ಲಿ ಕುರಿ-ಮೇಕೆಯೇ ಮುಕ್ಕಾಲು ಪಾಲು, ಉಳಿದದ್ದರಲ್ಲಿ ಹೆಚ್ಚಿನದು ದನ, ಕುದುರೆ ತೀರ ಕಡಿಮೆ ಎಂದು ಕಂಡಿತು. ಬೆಟ್ಟ ಹತ್ತಲು ಕುದುರೆ ಬೇಕಾಗಿರಲಿಲ್ಲ.

ನಾವು 1 ಮೀಟರ್ ಚೌಕದ ಪರೀಕ್ಷಾ ಗುಂಡಿಯಿಂದ ಆರಂಭಿಸುತ್ತೇವೆ. ಮಣ್ಣಿನ ಬಣ್ಣವೋ ಗಟ್ಟಿತನವೋ ಬದಲಾದಲ್ಲಿ ಹೊಸ ಪದರ. ಬದಲಾವಣೆ ಕಾಣದಿದ್ದರೂ ಪ್ರತಿ 5 ಸೆಂ.ಮೀ.ಗೆ ಹೊಸ ಚೀಲ, ಹೊಸ ಚೀಟಿ. ಎಲ್ಲ ಮಣ್ಣೂ 4 ಮಿ.ಮೀ. ಜರಡಿಗೆ, ಒಲೆ ಮತ್ತು ದೊಡ್ಡಿಯ ಮಣ್ಣು 2 ಮಿ.ಮೀ.ಗೆ. ಬೆಟ್ಟದ ಬುಡದಲ್ಲಿ ದೊಡ್ಡ ಕಾಟ ಕೊಡುವುದು ಎರಡು. ಮಳೆಗೆ ಮೇಲಿನಿಂದ ಜಾರಿಬಂದ ಮಣ್ಣು ಹಳೆಯ ಸಾಮಾನನ್ನು ಹೊಸ ಪದರದ ಮೇಲೆ ತಂದು ಹಾಕುತ್ತದೆ. ಮಡಕೆಯ ಚೂರಿನ ಅಂಚು ಸವೆದು ದುಂಡಗಾಗಿದ್ದರೆ ಅದು ಜಾರಿ ಬಂದದ್ದು ಎಂದು ಪಕ್ಕಕ್ಕಿಡಬೇಕು. ಎರಡನೆಯದು ಬಿಲ. ಮಣ್ಣು ತುಂಬಿ ಮುಚ್ಚಿಹೋದ ಹಳೆಯ ಬಿಲವನ್ನು ಅಲ್ಲಿನ ಅಗೆತದವರು ಕ್ರೊತೊವಿನಾ ಎನ್ನುತ್ತಾರೆ. ಕರಣೆಯಿಂದ ನೆಲವನ್ನು ನುಣ್ಣಗೆ ಕೆರೆದು, ಮೇಲೆ ನೀರು ಚಿಮುಕಿಸಿ, ಓರೆ ಬೆಳಕಿನಲ್ಲಿ ನೋಡಿದರೆ ಬೇರೆ ಬಣ್ಣದ ದುಂಡು ಕಲೆಯಾಗಿ ಅದು ಕಾಣುತ್ತದೆ. ಸುತ್ತಲಿನ ಪದರಕ್ಕೆ ಕೈ ಹಾಕುವ ಮೊದಲೇ ಬಿಲದ ಮಣ್ಣನ್ನು ಖಾಲಿ ಮಾಡಿ ಬೇರೆ ಇಡಬೇಕು. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಇದು ಕಾಣುವುದಿಲ್ಲ, ಆದ್ದರಿಂದ ನೆಲ ಕೆರೆಯುವ ಕೆಲಸವನ್ನು ಬೆಳಗ್ಗೆಗೋ ಸಂಜೆಗೋ ಇಟ್ಟುಕೊಳ್ಳುವುದು.

ಕಾಳು ಬೇರ್ಪಡಿಸಲು ನೀರಿನಲ್ಲಿ ತೇಲಿಸುತ್ತೇವೆ. ಪದರವೊಂದಕ್ಕೆ ಕನಿಷ್ಠ 10 ಲೀಟರ್ ಮಣ್ಣು, ಒಲೆಯಾದರೆ ಇದ್ದಷ್ಟೂ. ಬಕೆಟ್ಟಿನಲ್ಲಿ ಮೆಲ್ಲಗೆ ಕಲಕಿದಾಗ ಸುಟ್ಟ ಕಾಳು, ಇದ್ದಿಲು ತೇಲುತ್ತವೆ. ಆ ನೀರನ್ನು 0.25 ಮಿ.ಮೀ. ಬಟ್ಟೆಯ ಮೇಲೆ ಬಗ್ಗಿಸಬೇಕು. ಅಡಿಯಲ್ಲಿ ಉಳಿದ ಗಸಿಯನ್ನು 1 ಮಿ.ಮೀ. ಜರಡಿಯಲ್ಲಿ ತೊಳೆದರೆ ಮೀನಿನ ಮುಳ್ಳು, ಮಣಿ, ಕಲ್ಲಿನ ಚಕ್ಕೆ ಸಿಗುತ್ತವೆ. ತೊರೆಯ ನೀರನ್ನು ನೇರ ಸುರಿಯಬಾರದು. ಅದರಲ್ಲೇ ಈ ವರ್ಷದ ಕಳೆಬೀಜ ತುಂಬಿರುತ್ತದೆ, ಮೊದಲು ಅದನ್ನೂ ಅದೇ ಬಟ್ಟೆಯಲ್ಲಿ ಸೋಸಬೇಕು. ಜಿಗುಟು ಮಣ್ಣು ಬಿಡದಿದ್ದರೆ ಅಡುಗೆ ಸೋಡಾ ಹಾಕಿ ನೆನೆಸಬಹುದು. ಮಾದರಿಗೆ 50 ಸುಟ್ಟ ಗಸಗಸೆ ಬೆರೆಸಿ, ಕೊನೆಗೆ ಎಷ್ಟು ವಾಪಸು ಬಂದವೆಂದು ಎಣಿಸಿದರೆ ಕಲಕುವವನ ಕೈಗುಣ ಗೊತ್ತಾಗುತ್ತದೆ. ಒಣಗಿಸುವುದು ನೆರಳಿನಲ್ಲೇ. ಬಿಸಿಲಿಗೆ ಇಟ್ಟರೆ ಸುಟ್ಟ ಕಾಳು ಬಿರಿದು ಪುಡಿಯಾಗುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ರಾಶಿ ರಾಶಿ ಬರುವುದು ಕಾಡುಬೀಜ, ಅದರಲ್ಲೂ ಚಕ್ಕೋತ ಸೊಪ್ಪಿನ ಜಾತಿಯದು. ಅದು ಹುಟ್ಟಿನಲ್ಲೇ ಕಪ್ಪು, ಹೊಳಪು. ಸುಟ್ಟದ್ದೋ ಹಸಿಯೋ ಎಂದು ಹೊರಗಿನಿಂದ ಹೇಳಲಾಗದು, ಸೂಜಿಯಿಂದ ಒತ್ತಿ ಒಡೆದು ಒಳಗೆ ಬಿಳಿ ಇದೆಯೇ ಇದ್ದಿಲಾಗಿದೆಯೇ ನೋಡಬೇಕು. ಸುಟ್ಟ ಕಾಡುಬೀಜ ಒಲೆಗೆ ಬಂದದ್ದು ಹೆಚ್ಚಾಗಿ ಉರುವಲಿನ ಹಿಕ್ಕೆಯ ಮೂಲಕ: ಕುರಿ ಮೇಯ್ದದ್ದು, ಹೊಟ್ಟೆಯಲ್ಲಿ ಕರಗದೆ ಹೊರಬಂದದ್ದು, ಒಲೆಯಲ್ಲಿ ಸುಟ್ಟದ್ದು. ಆದ್ದರಿಂದ ಅದು ಜನರ ಊಟಕ್ಕಿಂತ ಹೆಚ್ಚಾಗಿ ಹಿಂಡಿನ ಮೇವಿನ ಸುದ್ದಿ ಹೇಳುತ್ತದೆ. ಬೆಗಾಶ್‌ನಲ್ಲಿ ಗೋಧಿ ಮತ್ತು ಬರಗಿನ ಕಾಳುಗಳು ಸಿಕ್ಕಿದ್ದು ಶವ ಸುಟ್ಟು ಹೂತ ಕಲ್ಲುಪೆಟ್ಟಿಗೆಯ ಸಮಾಧಿಯಲ್ಲಿ. 2010ರಲ್ಲಿ ಪ್ರಕಟವಾದಾಗ ಮಧ್ಯ ಏಷ್ಯಾದ ಹುಲ್ಲುಗಾವಲಿಗೆ ಅವೇ ಅತಿ ಹಳೆಯ ಕಾಳುಗಳು, ಕ್ರಿ.ಪೂ. 2300ರ ಸುತ್ತಿನವು. ಪಶ್ಚಿಮದ ಗೋಧಿ, ಚೀನಾದ ಬರಗು ಒಂದೇ ಸಮಾಧಿಯಲ್ಲಿ. ಆದರೆ ಸಮಾಧಿಯ ಕಾಳಿನಿಂದ ಆ ಕಣಿವೆಯಲ್ಲಿ ಬೆಳೆದರೋ, ದಿನವೂ ಉಂಡರೋ ಎಂದು ತೀರ್ಮಾನಿಸಲಾಗದು. ಅದಕ್ಕೆ ಉತ್ತರ ಕೊಟ್ಟದ್ದು ಕುರಿಯ ಹಲ್ಲು, ಅದಕ್ಕೆ ಮುಂದೆ ಬರುತ್ತೇವೆ.

ದೊಡ್ಡಿಯ ಸಾಕ್ಷಿ ಹಿಕ್ಕೆಯಲ್ಲೇ ಇದೆ. ಮೆಲುಕು ಹಾಕುವ ಪ್ರಾಣಿಯ ಸಣ್ಣಕರುಳಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸೂಕ್ಷ್ಮ ಗೋಲಕಗಳು ಹುಟ್ಟುತ್ತವೆ, ಅಡ್ಡಳತೆ 5ರಿಂದ 20 ಮೈಕ್ರಾನ್. ಕುರಿ, ಮೇಕೆಯ ಹಿಕ್ಕೆಯಲ್ಲಿ ಬಹಳ, ದನದಲ್ಲಿ ಕಡಿಮೆ, ಕುದುರೆಯಲ್ಲಿ ಇಲ್ಲವೆನ್ನುವಷ್ಟು. ಒಂದೆರಡು ಮಿಲಿಗ್ರಾಂ ಮಣ್ಣನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಧ್ರುವೀಕೃತ ಬೆಳಕಿನಲ್ಲಿ 400 ಪಟ್ಟು ಹಿಗ್ಗಿಸಿದರೆ ಪ್ರತಿ ಗೋಲಕದ ನಡುವೆ ಒಂದು ಕಪ್ಪು ಶಿಲುಬೆ ಮೂಡುತ್ತದೆ. ವೇದಿಕೆ ತಿರುಗಿಸಿದರೂ ಶಿಲುಬೆ ತಿರುಗದೆ ಅಲ್ಲೇ ನಿಲ್ಲುತ್ತದೆ. ಗೊತ್ತಿಲ್ಲದವರು ಪಿಷ್ಟದ ಕಣವನ್ನು ಇದೆಂದು ಎಣಿಸಿಬಿಡುತ್ತಾರೆ, ಅದಕ್ಕೂ ಶಿಲುಬೆ ಇದೆ. ದುರ್ಬಲ ಆಮ್ಲದ ಹನಿ ಬಿಟ್ಟರೆ ಗೋಲಕ ಕರಗುತ್ತದೆ, ಪಿಷ್ಟ ಉಳಿಯುತ್ತದೆ. ಇದೇ ಅದರ ದೌರ್ಬಲ್ಯ ಕೂಡ. ಮಣ್ಣು ಕ್ಷಾರದ ಕಡೆಗಿದ್ದರೆ ಮಾತ್ರ ಗೋಲಕ ಬಾಳುತ್ತದೆ. ಎತ್ತರದ ಜೈಲಾವ್‌ಗಳಲ್ಲಿ ಮಳೆ ಹೆಚ್ಚು, ಹುಲ್ಲಿನ ಕೊಳೆತ ಹೆಚ್ಚು, ಮಣ್ಣು ಹುಳಿ. ಅಲ್ಲಿ ಗೋಲಕ ಸಿಗಲಿಲ್ಲವೆಂದರೆ ಕುರಿ ಇರಲಿಲ್ಲ ಎಂದಲ್ಲ. ಮೊದಲು ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಮಟ್ಟ) ಅಳೆದು ದಾಖಲಿಸಿ ಆಮೇಲೆ ಎಣಿಕೆಗೆ ಕೂರಬೇಕು.

ಬೆಂಕಿಯೂ ಅದನ್ನು ತಿನ್ನುತ್ತದೆ. ಸುಮಾರು 700 ಡಿಗ್ರಿ ದಾಟಿದರೆ ಗೋಲಕ ಉಳಿಯುವುದಿಲ್ಲ. ಕರ್ನಾಟಕದ ಬೂದಿಗುಡ್ಡಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಕುಡತಿನಿ, ಬೂದಿಹಾಳದಂಥ ಕಡೆ ನವಶಿಲಾಯುಗದವರು ದೊಡ್ಡಿಯ ಸಗಣಿ ರಾಶಿಯನ್ನು ಮತ್ತೆ ಮತ್ತೆ ಸುಟ್ಟು ಗುಡ್ಡವಾಗಿದೆ. ಗಾಜಿನಂತೆ ಕರಗಿ ಗಟ್ಟಿಯಾದ ಭಾಗದಲ್ಲಿ ಗೋಲಕ ಹುಡುಕಿ ಪ್ರಯೋಜನವಿಲ್ಲ, ಮೆತ್ತನೆಯ ಬೂದಿಯಲ್ಲಿ ಹುಡುಕಬೇಕು. ತೆಲಂಗಾಣದ ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ 1957ರಲ್ಲಿ ಅಗೆದಾಗ ದೊಡ್ಡಿಯ ನೆಲದಲ್ಲಿ ದನದ ಗೊರಸಿನ ಗುರುತೇ ಸಿಕ್ಕಿತ್ತು. ಜುಂಗಾರ್ ಬೆಟ್ಟಗಳಲ್ಲಿ ಅಂಥ ಗುಡ್ಡಗಳಿಲ್ಲ. ಅಲ್ಲಿ ಹಿಕ್ಕೆಯೇ ಉರುವಲು, ಚಳಿಗಾಲ ಮುಗಿಯುವಷ್ಟರಲ್ಲಿ ರಾಶಿಯೂ ಕರಗುತ್ತದೆ. ಹಾಗಾಗಿ ತುಳಿದ ನೆಲವನ್ನು ಕಣ್ಣಿನಿಂದ ಕಾಣುವುದು ಅಪರೂಪ. ಗುಂಡಿಯ ಗೋಡೆಗೆ ಅಂಗೈಯಗಲದ ಲೋಹದ ಪೆಟ್ಟಿಗೆಯನ್ನು ಒತ್ತಿ, ಮಣ್ಣನ್ನು ಕದಡದೆ ಗಡ್ಡೆಯಾಗಿ ಕೊಯ್ದು ತೆಗೆಯುತ್ತೇವೆ. ಯಾವುದು ಮೇಲು ಎಂದು ಬಾಣದ ಗುರುತು ಹಾಕಲು ಮರೆತರೆ ಗಡ್ಡೆ ಎಸೆಯುವುದೇ ಸೈ. ಪ್ರಯೋಗಾಲಯದಲ್ಲಿ ಅದಕ್ಕೆ ರಾಳ ಕುಡಿಸಿ, ಗಟ್ಟಿಯಾದ ಮೇಲೆ 30 ಮೈಕ್ರಾನ್ ದಪ್ಪಕ್ಕೆ ಅರೆದರೆ, ತುಳಿದು ಚಪ್ಪಟೆಯಾದ ಹುಲ್ಲಿನ ನಾರು ಅಡ್ಡಡ್ಡ ಅಲೆಗಳಂತೆ ಒಂದರ ಮೇಲೊಂದು ಒರಗಿರುವುದು ಕಾಣುತ್ತದೆ. ಆ ಅಲೆಗಳ ನಡುವೆ ಗಾಳಿ ತಂದ ಧೂಳಿನ ಶುದ್ಧ ಗೆರೆಗಳಿದ್ದರೆ ದೊಡ್ಡಿ ಆಗಾಗ ಖಾಲಿ ಬಿದ್ದಿತ್ತು ಎಂದು ಓದಬಹುದು. ಎರಡನೇ ಕಡತಕ್ಕೆ ಸೇರುವ ಮೊದಲ ಚೀಟಿ ಸಾಮಾನ್ಯವಾಗಿ ಇದೇ.

ಮೂಳೆಗೆ ಬಂದರೆ, ಮೊದಲ ಜಗಳ ಕುರಿಯೋ ಮೇಕೆಯೋ ಎಂಬುದು. ಮುಂಗಾಲಿನ ಮೆಟಾಕಾರ್ಪಲ್ ಮೂಳೆಯ ಕೆಳತುದಿಯಲ್ಲಿ ಜೋಡಿ ರಾಟೆಗಳಂಥ ಉಬ್ಬುಗಳಿವೆ. ಪ್ರತಿ ರಾಟೆಯ ನಡುವೆ ಒಂದು ಏಣು. ಹೊರ ಅಂಚಿನ ದಪ್ಪವನ್ನು ಏಣಿನ ದಪ್ಪದಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಸುಮಾರು 63ಕ್ಕಿಂತ ಹೆಚ್ಚು ಬಂದರೆ ಕುರಿ, ಕಡಿಮೆಯಾದರೆ ಮೇಕೆ. ಎಳೆಯ ಮೂಳೆಯಲ್ಲಿ ಈ ಲೆಕ್ಕ ಓಡುವುದಿಲ್ಲ. ಮಜ್ಜೆಗಾಗಿ ಜಜ್ಜಿದ ಚೂರುಗಳಲ್ಲಿ ತುದಿಯೇ ಇರುವುದಿಲ್ಲ. ಆಗ ಮೂಳೆಯ ಪ್ರೋಟೀನಾದ ಕೊಲಾಜೆನ್‌ನ ಪರೀಕ್ಷೆ. 20 ಮಿಲಿಗ್ರಾಂ ಮೂಳೆಯನ್ನು 0.6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಣ್ಣಗೆ ನೆನೆಸಿ ಖನಿಜ ಕರಗಿಸುವುದು, ತೊಳೆದು 65 ಡಿಗ್ರಿಯಲ್ಲಿ ಒಂದು ತಾಸು ಕಾಯಿಸಿ ಕೊಲಾಜೆನ್ ಬಿಡಿಸುವುದು, ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು. ಆ ತುಂಡುಗಳನ್ನು ತೂಗುವ ದ್ರವ್ಯರಾಶಿ ಮಾಪಕದಲ್ಲಿ 3033ರ ಬಳಿ ಶಿಖರ ಎದ್ದರೆ ಕುರಿ, 3093ರ ಬಳಿ ಎದ್ದರೆ ಮೇಕೆ.

ಆದರೆ ಯಾವ ಕುರಿ? ಈ ಬೆಟ್ಟಗಳಲ್ಲಿ ಅರ್ಗಲಿ ಎಂಬ ಕಾಡುಕುರಿಯೂ ಐಬೆಕ್ಸ್ ಎಂಬ ಕಾಡುಮೇಕೆಯೂ ಇವೆ. ಕೊಲಾಜೆನ್‌ನಲ್ಲಿ ಕಾಡುಕುರಿಗೂ ಸಾಕುಕುರಿಗೂ ವ್ಯತ್ಯಾಸ ಕಾಣದು. ಅರ್ಗಲಿ ಗಾತ್ರದಲ್ಲಿ ತುಂಬ ದೊಡ್ಡದು, ಹಾಗಾಗಿ ಪೂರ್ತಿ ಮೂಳೆ ಸಿಕ್ಕರೆ ಅಳತೆ ಸಾಕು. ಚೂರಾದರೆ ಡಿಎನ್‌ಎಗೆ ಹೋಗಲೇಬೇಕು. ದಕ್ಷಿಣ ಕಿರ್ಗಿಜ್‌ಸ್ತಾನದ ಒಬಿಶಿರ್ 5 ಎಂಬ ನೆಲೆಯಲ್ಲಿ ಆದದ್ದು ಇದೇ. ಫರ್ಗಾನಾ ಕಣಿವೆಯ ಅಂಚಿನ ಆ ಜಾಗದ ಮೂಳೆಗಳು ನುಚ್ಚುನೂರು. ಕೊಲಾಜೆನ್, ಡಿಎನ್‌ಎ ಎರಡನ್ನೂ ಕೂಡಿಸಿದಾಗ ಕ್ರಿ.ಪೂ. 6000ದಷ್ಟು ಹಿಂದೆಯೇ ಅಲ್ಲಿ ಸಾಕುಕುರಿ ಇತ್ತು ಎಂದು 2021ರಲ್ಲಿ ಗೊತ್ತಾಯಿತು. ಮಧ್ಯ ಏಷ್ಯಾದ ಬೆಟ್ಟಗಳಿಗೆ ಕುರಿ ಬಂದ ಕಾಲ ಒಂದೇ ಏಟಿಗೆ ಸುಮಾರು ಮೂರು ಸಾವಿರ ವರ್ಷ ಹಿಂದಕ್ಕೆ ಸರಿಯಿತು.

ಯಾವ ತಿಂಗಳಲ್ಲಿ ಕೊಯ್ದರು ಎಂಬುದನ್ನು ದವಡೆಯಿಂದ ಓದುತ್ತೇವೆ. ಮರಿಗಳು ಮಾರ್ಚ್-ಏಪ್ರಿಲ್‌ನಲ್ಲಿ ಹುಟ್ಟುತ್ತವೆ ಎಂದು ಇಟ್ಟುಕೊಂಡರೆ, ಮೊದಲ ದವಡೆಹಲ್ಲು ಇನ್ನೂ ಸವೆಯದ ಎರಡರಿಂದ ಆರು ತಿಂಗಳ ಮರಿ ಸತ್ತದ್ದು ಬೇಸಿಗೆಯಲ್ಲಿ. ಆರರಿಂದ ಹನ್ನೆರಡು ತಿಂಗಳದ್ದು ಶರತ್ಕಾಲ ಅಥವಾ ಚಳಿಗಾಲದಲ್ಲಿ. ಎರಡು ವರ್ಷ ದಾಟಿದ ಮೇಲೆ ಸವೆತದಿಂದ ವಯಸ್ಸು ಗೊತ್ತಾಗುತ್ತದೆ, ತಿಂಗಳು ಗೊತ್ತಾಗುವುದಿಲ್ಲ. ಮರಳು ಮಿಶ್ರಿತ ಮೇವಿನ ಕಡೆ ಹಲ್ಲು ಬೇಗ ಸವೆದು ಮರಿಯೇ ಹಿರಿದಾಗಿ ಕಾಣುತ್ತದೆ. ದೊಡ್ಡ ಕುರಿಗಾದರೆ ಹಲ್ಲಿನ ಬೇರಿಗೆ ಅಂಟಿದ ಸಿಮೆಂಟಮ್ ಪದರ ನೋಡಬೇಕು. ಮರದ ಉಂಗುರದಂತೆ ವರ್ಷಕ್ಕೊಂದು ಜೊತೆ ಗೆರೆ ಬೆಳೆಯುತ್ತದೆ, ಕೊನೆಯ ಗೆರೆ ಯಾವ ಹಂತದಲ್ಲಿ ನಿಂತಿದೆ ಎಂಬುದೇ ಸಾವಿನ ಕಾಲ. ಒಬಿಶಿರ್‌ನ ಹಲ್ಲುಗಳು ಶರತ್ಕಾಲದ ಕೊಯ್ಲನ್ನು ತೋರಿಸಿದವು.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಶರತ್ಕಾಲದಲ್ಲಿ ಕೊಯ್ದರು ಎಂದರೆ ಶರತ್ಕಾಲದಲ್ಲಿ ಆ ಜಾಗದಲ್ಲಿದ್ದರು ಎಂದಷ್ಟೇ ಅರ್ಥ. ಬೇಸಿಗೆಯ ದವಡೆ ಸಿಗಲಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ಮೇಲೆ ಹೋಗಿದ್ದರು ಎಂದು ಹಾರಬಾರದು. ಬೇಸಿಗೆಯಲ್ಲಿ ಹಾಲು ಸಮೃದ್ಧ, ಕುರಿಯ ಮೈಗೆ ಇನ್ನೂ ಕೊಬ್ಬು ಬಂದಿರುವುದಿಲ್ಲ, ಕೊಯ್ದ ಮಾಂಸ ಎರಡು ದಿನಕ್ಕೆ ಕೆಡುತ್ತದೆ. ಯಾವ ಕುರಿಗಾಹಿಯೂ ಆಗ ಕತ್ತಿ ಹಿಡಿಯುವುದಿಲ್ಲ. ಚಳಿ ಬೀಳುವ ಹೊತ್ತಿಗೆ, ಮೇವು ಸಾಲದ ತಲೆಗಳನ್ನು ಲೆಕ್ಕ ಹಾಕಿ ಕೊಯ್ಯುತ್ತಾರೆ. ವರ್ಷವಿಡೀ ಒಂದೇ ಕಡೆ ಕೂತವರ ಕಸದಲ್ಲೂ ಶರತ್ಕಾಲದ ದವಡೆಗಳೇ ಹೆಚ್ಚಿರುತ್ತವೆ.

ಹಾಗಾಗಿ ಕೊನೆಗೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ಗೆ ಬರಬೇಕು. ಕುರಿಯ ಎರಡನೇ ದವಡೆಹಲ್ಲು ಸುಮಾರು ಮೊದಲ ವರ್ಷದಲ್ಲಿ, ಮೂರನೆಯದು ಎರಡನೇ ವರ್ಷದಲ್ಲಿ ಮೇಲಿನಿಂದ ಬೇರಿನ ಕಡೆಗೆ ಬೆಳೆಯುತ್ತದೆ, ಮತ್ತೆ ಬದಲಾಗುವುದಿಲ್ಲ. ಆ ತಿಂಗಳುಗಳಲ್ಲಿ ಕುಡಿದ ನೀರಿನ ಆಕ್ಸಿಜನ್-18, ಮೇಯ್ದ ಹುಲ್ಲಿನ ಕಾರ್ಬನ್-13 (ಆಯಾ ಧಾತುವಿನ ತುಸು ಭಾರದ ಪರಮಾಣುಗಳು) ಅದೇ ಕ್ರಮದಲ್ಲಿ ಅದರಲ್ಲಿ ಕೂತಿರುತ್ತವೆ. ಸವೆತ ಕಡಿಮೆಯಿರುವ, ಎರಡರಿಂದ ನಾಲ್ಕು ವರ್ಷದ ಪ್ರಾಣಿಯ ಎತ್ತರದ ಹಲ್ಲನ್ನು ಆರಿಸುತ್ತೇವೆ. ವಜ್ರದ ತುದಿಯ ಕೊರೆಯಂತ್ರದಿಂದ ಹೊರಮೈಯನ್ನು ತೆಳುವಾಗಿ ಕೆರೆದು ಎಸೆದು, ಬೆಳವಣಿಗೆಗೆ ಅಡ್ಡಲಾಗಿ 1 ಮಿ.ಮೀ. ಅಗಲದ ಗೀರುಗಳನ್ನು ಬೇರಿನ ಕಡೆಯಿಂದ ಮೇಲಕ್ಕೆ ಹಾಕುತ್ತ ಹೋಗುವುದು. ಒಂದು ಹಲ್ಲಿಗೆ 15ರಿಂದ 20 ಗೀರು, ಗೀರೊಂದಕ್ಕೆ 5 ಮಿಲಿಗ್ರಾಂನಷ್ಟು ಪುಡಿ. ಪ್ರತಿ ಗೀರೂ ಬೇರಿನ ಅಂಚಿನಿಂದ ಎಷ್ಟು ಮಿ.ಮೀ. ದೂರ ಎಂದು ಆಗಲೇ ಬರೆದುಕೊಳ್ಳಬೇಕು. ಎನಾಮಲ್ ಬಿಳಿ, ಅದರಡಿಯ ಡೆಂಟಿನ್ ಹಳದಿ; ಪುಡಿ ಹಳದಿಗೆ ತಿರುಗಿತೆಂದರೆ ಆಳ ಹೆಚ್ಚಾಯಿತು, ಆ ಗೀರು ಕೆಟ್ಟಿತು. ಮಣ್ಣಿನಿಂದ ಬಂದ ಕಾರ್ಬೊನೇಟ್ ಹೋಗಲು 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ತೊಳೆಯಬೇಕು, ಆದರೆ ಹೆಚ್ಚು ಹೊತ್ತು ಬಿಟ್ಟರೆ ಹಲ್ಲಿನದ್ದೂ ಹೋಗುತ್ತದೆ.

ಒಳನಾಡಿನ ಹವೆಯಲ್ಲಿ ಆಕ್ಸಿಜನ್-18 ಬೇಸಿಗೆಯ ಮಳೆಯಲ್ಲಿ ಏರುತ್ತದೆ, ಚಳಿಗಾಲದ ಹಿಮದಲ್ಲಿ ಇಳಿಯುತ್ತದೆ. ಕೆಳಗೇ ಇದ್ದ ಕುರಿಯ ಹಲ್ಲಿನಲ್ಲಿ ಈ ಏರಿಳಿತ ದೊಡ್ಡ ಅಲೆಯಾಗಿ ಮೂಡುತ್ತದೆ. ಪ್ರತಿ 100 ಮೀಟರ್ ಎತ್ತರಕ್ಕೆ ಮಳೆನೀರಿನ ಆಕ್ಸಿಜನ್-18 ಸಾವಿರಕ್ಕೆ ಸುಮಾರು 0.2ರಿಂದ 0.3 ಅಂಶ ಇಳಿಯುವುದರಿಂದ, ಬೇಸಿಗೆಗೆ 1,500 ಮೀಟರ್ ಮೇಲೆ ಹೋದ ಹಿಂಡಿನ ಹಲ್ಲಿನಲ್ಲಿ ಬೇಸಿಗೆಯ ಏರು ತಗ್ಗಿ ಅಲೆ ಚಪ್ಪಟೆಯಾಗುತ್ತದೆ. ಇಷ್ಟಕ್ಕೇ ವಲಸೆ ಸಾಬೀತಾಯಿತು ಎನ್ನುವಂತಿಲ್ಲ. ಹಿಮನದಿಯ ನೀರು ಹರಿಯುವ ಹೊಳೆಯ ದಡದಲ್ಲಿ ಬೇಸಿಗೆಯಿಡೀ ಕೂತ ಕುರಿಯೂ ಕರಗಿದ ಹಿಮವನ್ನೇ ಕುಡಿಯುತ್ತದೆ, ಅದರ ಅಲೆಯೂ ಚಪ್ಪಟೆ. ಬೇರೆ ಮಾಡಲು ಕಾರ್ಬನ್ ಬೇಕು. ಕೆಳಗಿನ ಅರೆಮರುಭೂಮಿಯಲ್ಲಿ ಬೇಸಿಗೆಗೆ ಸಿ4 ಬಗೆಯ (ಗಿಡ ಗಾಳಿಯ ಇಂಗಾಲವನ್ನು ಹಿಡಿಯುವ ಒಂದು ರೀತಿ, ಸಿ3 ಇನ್ನೊಂದು) ಉಪ್ಪುಗಿಡಗಳು ಬೆಳೆಯುತ್ತವೆ, ಅವುಗಳಲ್ಲಿ ಕಾರ್ಬನ್-13 ಹೆಚ್ಚು. ಎತ್ತರದ ಹುಲ್ಲೆಲ್ಲ ಸಿ3, ಅದರಲ್ಲಿ ಕಡಿಮೆ. ಕೆಳಗೇ ಇದ್ದ ಹಿಂಡಿನಲ್ಲಿ ಎರಡೂ ಗೆರೆ ಬೇಸಿಗೆಯಲ್ಲಿ ಜೊತೆಯಾಗಿ ಏರುತ್ತವೆ. ಆಕ್ಸಿಜನ್ ಏರಿ ಕಾರ್ಬನ್ ಇಳಿದಿದ್ದರೆ ಹಿಂಡು ಹಸಿರು ಹುಲ್ಲಿಗೆ ಹೋಗಿತ್ತು ಎನ್ನಲು ಧೈರ್ಯ ಬರುತ್ತದೆ.

ಇದರ ತಿರುವು ಇನ್ನೊಂದಿದೆ. ಚಳಿಗಾಲದಲ್ಲಿ, ಆಕ್ಸಿಜನ್ ತಳಮುಟ್ಟಿದಾಗಲೇ ಕಾರ್ಬನ್ ಮೇಲೆದ್ದಿದ್ದರೆ? ಹಿಮ ಬಿದ್ದ ಕಾಲದಲ್ಲಿ ಸಿ4 ಗಿಡ ಬೆಳೆಯುವುದಿಲ್ಲ. ಯಾರೋ ಕೂಡಿಟ್ಟದ್ದನ್ನು ಹಾಕಿದ್ದಾರೆ. ಬರಗು ಸಿ4 ಬೆಳೆ. ಬೆಗಾಶ್‌ಗೆ ಹತ್ತಿರದ ದಾಲಿ ಎಂಬ ನೆಲೆಯ ಕುರಿ-ಮೇಕೆಗಳಲ್ಲಿ ಕ್ರಿ.ಪೂ. 2700ರ ಹೊತ್ತಿಗೇ ಈ ಗುರುತು ಇದೆ ಎಂದು 2019ರಲ್ಲಿ ಪ್ರಕಟವಾಯಿತು. ಅದೇ ಪ್ರಾಣಿಗಳ ಡಿಎನ್‌ಎ ಪಶ್ಚಿಮ ಏಷ್ಯಾದ ತಳಿಯದು. ಸಮಾಧಿಯ ಕಾಳು ಬಿಟ್ಟುಹೋಗಿದ್ದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಬರಗು ಕಣಿವೆಯಲ್ಲಿ ಬೆಳೆಯುತ್ತಿತ್ತು, ಅದರ ಮೇವು ಚಳಿಗಾಲದಲ್ಲಿ ದೊಡ್ಡಿಗೆ ಬರುತ್ತಿತ್ತು. ಕುರಿ ಕಾಯುವವರು ಬೇಸಾಯ ಅರಿಯರು ಎಂಬ ಹಳೆಯ ಮಾತಿಗೆ ಇಲ್ಲಿ ಜಾಗವಿಲ್ಲ.

ಕಾಲನಿರ್ಣಯದ ಬಗ್ಗೆ ಒಂದೇ ಎಚ್ಚರಿಕೆ. ಬೆಟ್ಟದ ಒಲೆಗಳಲ್ಲಿ ಇದ್ದಿಲು ಹೆಚ್ಚಾಗಿ ಅರ್ಚಾ ಎಂಬ ಜುನಿಪರ್ ಮರದ್ದು. ಅದು ನೂರಾರು ವರ್ಷ ಬದುಕುತ್ತದೆ, ಒಣ ಮರ ಇನ್ನೂ ಬಹುಕಾಲ ಬಿದ್ದಿರುತ್ತದೆ. ತಿರುಳಿನ ಇದ್ದಿಲಿನಿಂದ ಬಂದ ರೇಡಿಯೋಕಾರ್ಬನ್ ಕಾಲ ಒಲೆಗಿಂತ ಶತಮಾನಗಳಷ್ಟು ಹಳೆಯದಾಗಬಹುದು. ಒಂದೇ ವರ್ಷ ಬಾಳುವ ಕಾಳು, ಇಲ್ಲವೇ ಕೊಯ್ದ ಕುರಿಯ ಮೂಳೆಯನ್ನೇ ಕಳಿಸಬೇಕು. ಕಾಳನ್ನು ಸುತ್ತಲಿನ ಇದ್ದಿಲಿನ ಕಾಲದಿಂದ ಅಳೆಯುವುದಂತೂ ಬೇಡವೇ ಬೇಡ, ಬಿಲದ ಹೆಗ್ಗಣ ನಿನ್ನೆಯ ಕಾಳನ್ನೂ ಅಲ್ಲಿ ತಂದಿಟ್ಟಿರುತ್ತದೆ.

ಬೀಡಿನ ಆಕಾರ ನೋಡಿ ಅಲೆಮಾರಿ ಎನ್ನುವುದು ಎಷ್ಟು ಜಾರು ನೆಲ ಎಂಬುದಕ್ಕೆ ಇರಾನಿನ ತೆಪೆ ತುಲಾಯಿ ಉದಾಹರಣೆ. ಹೊಲ ಸಮ ಮಾಡುವಾಗ ಮೇಲೆ ಬಂದ ಆ ನೆಲೆಯನ್ನು ಫ್ರಾಂಕ್ ಹೋಲ್ 1973ರಲ್ಲಿ ಅಗೆದರು. ಸಾಲಾಗಿ ಜೋಡಿಸಿದ ಕಲ್ಲುಗಳು ಸಿಕ್ಕವು. ಲೂರ್ ಅಲೆಮಾರಿಗಳು ಡೇರೆಯೊಳಗೆ ಹಾಸಿಗೆ, ಮೂಟೆ ಇಡಲು ಹಾಕುವ ಕಲ್ಲುಸಾಲಿನಂತೆಯೇ ಇದ್ದವು. ಎಂಟು ಸಾವಿರ ವರ್ಷ ಹಳೆಯ ಡೇರೆಬೀಡು ಎಂದು ಹೆಸರಾಯಿತು. ಆದರೆ ಇದನ್ನು ಪ್ರಶ್ನಿಸಬಹುದು: ನೆಲೆನಿಂತ ಹಳ್ಳಿಗಳಲ್ಲೂ ಇಂಥ ಸಾಲುಗಳಿವೆ, ದಾಸ್ತಾನು ಕಟ್ಟೆಯ ತಳವೂ ಹೀಗೇ ಕಾಣುತ್ತದೆ. ಇಂದಿನ ಡೇರೆಯನ್ನು ನೋಡಿ ಹಳೆಯ ಕಲ್ಲನ್ನು ಓದುವುದರಲ್ಲಿ ತಪ್ಪಿಲ್ಲ, ಆದರೆ ಅಷ್ಟರಿಂದಲೇ ಎರಡನೇ ಕಡತ ತುಂಬದು ಎಂಬುದು ನಮ್ಮ ನಿಲುವು. ಆ ದಿಬ್ಬದ ಕುರಿ-ಮೇಕೆಯ ಹಲ್ಲು ಕೊರೆದು ನೋಡುವ ವಿಧಾನ ಆಗಿನ್ನೂ ಇರಲಿಲ್ಲ.

ಈಗ ವಿಧಾನವಿದೆ, ಹೋಲಿಸಲು ಇವತ್ತಿನ ಹಲ್ಲು ಬೇಕು. ಹಿಂಡು ಯಾವ ತಿಂಗಳು ಎಲ್ಲಿತ್ತು ಎಂದು ಕುರಿಗಾಹಿಯೇ ಹೇಳಬಲ್ಲ ಕುರಿಯ ದವಡೆಯನ್ನು ಕೊಯ್ದ ದಿನವೇ ಕೇಳಿ ಪಡೆಯುತ್ತೇವೆ. ಅದೇ ದಾರಿಯ ಒರತೆ, ತೊರೆ, ಹುಲ್ಲಿನ ಮಾದರಿಯನ್ನು ತಿಂಗಳಿಗೊಮ್ಮೆ ಸಂಗ್ರಹಿಸುತ್ತೇವೆ. ನೀರಿನ ಸೀಸೆಯನ್ನು ಗುಳ್ಳೆಯೂ ಉಳಿಯದಂತೆ ಕತ್ತಿನವರೆಗೆ ತುಂಬಿ ಮುಚ್ಚಬೇಕು, ಇಲ್ಲವಾದರೆ ಒಳಗೇ ಆವಿಯಾಗಿ ಆಕ್ಸಿಜನ್ ಲೆಕ್ಕ ಕೆಡುತ್ತದೆ. ತೊಡಕು ಏನೆಂದರೆ, ಈಗ ಎಷ್ಟೋ ಹಿಂಡುಗಳು ಲಾರಿಯಲ್ಲಿ ಒಂದೇ ದಿನಕ್ಕೆ ಮೇಲೆ ಹೋಗುತ್ತವೆ, ಕೊಳವೆಬಾವಿಯ ನೀರು ಕುಡಿಯುತ್ತವೆ, ಚಳಿಗಾಲಕ್ಕೆ ಪೇಟೆಯಿಂದ ತಂದ ಮೆಕ್ಕೆಜೋಳ ತಿನ್ನುತ್ತವೆ. ಮೆಕ್ಕೆಜೋಳವೂ ಸಿ4, ಹಲ್ಲಿನಲ್ಲಿ ಅದು ಕಂಚಿನ ಯುಗದ ಬರಗಿನಂತೆಯೇ ಕಾಣುತ್ತದೆ. ಅಂಥ ಹಿಂಡಿನ ದವಡೆಯನ್ನು ಪಟ್ಟಿಯಿಂದ ತೆಗೆದು, ಒಣಹುಲ್ಲು ತಿಂದು ಕಾಲ್ನಡಿಗೆಯಲ್ಲೇ ಜೈಲಾವ್‌ಗೆ ಹೋಗುವ ಹಿಂಡಿನದನ್ನಷ್ಟೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇವೆ.